ಓದುಗರ ಪ್ರಶ್ನೆಗಳಿಗೆ ಉತ್ತರ: ದೊಡ್ಡವರ ಹಗೆ, ಬೇರೆಯವರ ನೆಲ

ಶೀತಲ ಸಮರದ ಕುರಿತ ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ವಿಷಯವನ್ನು ಸುತ್ತುತ್ತಿವೆ. ಬದ್ಧ ವೈರಿಗಳಾದ ಎರಡು ಶಕ್ತಿಗಳು ತಾವು ನೇರವಾಗಿ ಕೈ ಮಿಲಾಯಿಸದೆ ಮೂರನೆಯವರನ್ನು ಮುಂದೆ ನಿಲ್ಲಿಸಿ ನಡೆಸುವ ಯುದ್ಧಗಳು ಆ ವಿಷಯ. ಹೀಗಾಗಿ ಈ ಬಾರಿಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿಕೊಂಡಿದ್ದೇವೆ.

ಪ್ರಶ್ನೆ: 'ಪರೋಕ್ಷ ಯುದ್ಧ', 'ಛಾಯಾ ಸಮರ', 'ಪ್ರಾಕ್ಸಿ ವಾರ್' ಎಂದು ಪತ್ರಿಕೆಗಳು ಬರೆಯುತ್ತವೆ. ಇವೆಲ್ಲ ಒಂದೇ ಏನು? ಹೊರಗಿನ ದೇಶವೊಂದು ಆಯುಧ ಕೊಟ್ಟಿತು ಎಂದ ಮಾತ್ರಕ್ಕೆ ಯಾವ ಯುದ್ಧವನ್ನಾದರೂ ಹೀಗೆ ಕರೆಯಬಹುದೇ?

ಉತ್ತರ: ಮೂರೂ ಒಂದೇ. ತರಗತಿಗೆ ಬಾರದ ಗೆಳೆಯನ ಹೆಸರು ಕರೆದಾಗ ಇನ್ನೊಬ್ಬ ಓಗೊಡುವುದನ್ನು ವಿದ್ಯಾರ್ಥಿಗಳು 'ಪ್ರಾಕ್ಸಿ' ಎನ್ನುತ್ತಾರಲ್ಲ, ಆ ಪದವೇ ಇದು. ಒಬ್ಬನ ಬದಲಿಗೆ ಇನ್ನೊಬ್ಬ ನಿಲ್ಲುವುದು ಎಂದು ಅದರ ಅರ್ಥ. ಆದರೆ ಆಯುಧದ ಮಾರಾಟವೊಂದರಿಂದಲೇ ಯುದ್ಧ ಪರೋಕ್ಷವಾಗುವುದಿಲ್ಲ. ಹೊರಗಿನ ಶಕ್ತಿಗೆ ತನ್ನ ಎದುರಾಳಿಯನ್ನು ಕುಗ್ಗಿಸುವ ಉದ್ದೇಶವಿರಬೇಕು. ಆ ಉದ್ದೇಶಕ್ಕಾಗಿ ಅದು ಹಣ, ಆಯುಧ, ತರಬೇತಿ, ಸಲಹೆಗಾರರು ಇವುಗಳನ್ನು ನಿರಂತರವಾಗಿ ಒದಗಿಸುತ್ತಿರಬೇಕು. ಸಾಯುವ ಕೆಲಸ ಮಾತ್ರ ಬಹುಮಟ್ಟಿಗೆ ಬೇರೆಯವರದಾಗಿರಬೇಕು. ಈ ಮೂರೂ ಕೂಡಿದಾಗ ಆ ಹೆಸರು ಒಪ್ಪುತ್ತದೆ.

ಒಂದು ಯುದ್ಧ ಒಂದು ಕಡೆಯವರಿಗೆ ಪರೋಕ್ಷವಾಗಿಯೂ ಇನ್ನೊಂದು ಕಡೆಯವರಿಗೆ ನೇರವಾಗಿಯೂ ಇರಬಹುದು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ವಿಯೆಟ್ನಾಮಿನಲ್ಲಿ 1969ರ ಹೊತ್ತಿಗೆ ಅಮೆರಿಕದ 5 ಲಕ್ಷಕ್ಕೂ ಹೆಚ್ಚು ಸೈನಿಕರಿದ್ದರು. ಅಮೆರಿಕಕ್ಕೆ ಅದು ಸ್ವಂತ ಯುದ್ಧವೇ ಆಗಿತ್ತು. ಕ್ಷಿಪಣಿಗಳನ್ನೂ ಸಲಹೆಗಾರರನ್ನೂ ಕಳುಹಿಸಿ ಹಿಂದೆ ನಿಂತ ಸೋವಿಯತ್ ಒಕ್ಕೂಟಕ್ಕೆ ಮಾತ್ರ ಅದು ಪರೋಕ್ಷವಾಗಿತ್ತು. ಹತ್ತು ವರ್ಷಗಳ ನಂತರ ಅಫ್ಘಾನಿಸ್ತಾನದಲ್ಲಿ ಈ ಎರಡು ಪಾತ್ರಗಳು ಅದಲುಬದಲಾದವು.

ಪ್ರಶ್ನೆ: ಇದು ಅಣುಬಾಂಬಿನ ಕಾಲದ ಹೊಸ ತಂತ್ರವೇ, ಅಥವಾ ಅದಕ್ಕೂ ಹಿಂದೆ ಇತ್ತೇ?

ಉತ್ತರ: ಅಣುಬಾಂಬು ಇದಕ್ಕೆ ಹೊಸ ಕಾರಣ ಒದಗಿಸಿತು, ಅಷ್ಟೇ. ತಂತ್ರ ಬಹಳ ಹಳೆಯದು. 1748ರಲ್ಲಿ ಯೂರೋಪಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಪ್ಪಂದಕ್ಕೆ ಸಹಿ ಹಾಕಿ ಯುದ್ಧ ಮುಗಿಸಿದವು. ಮರುವರ್ಷವೇ ಅವುಗಳ ಎರಡು ವ್ಯಾಪಾರಿ ಕಂಪನಿಗಳು ಆರ್ಕಾಟಿನ ನವಾಬಗಿರಿಗೆ ಪೈಪೋಟಿ ನಡೆಸುತ್ತಿದ್ದ ಇಬ್ಬರ ಬೆನ್ನಿಗೆ ನಿಂತವು. ಚಂದಾ ಸಾಹೇಬನ ಹಿಂದೆ ಫ್ರೆಂಚರು, ಮಹಮದಾಲಿಯ ಹಿಂದೆ ಇಂಗ್ಲಿಷರು. ದೇಶ ದೇಶಗಳ ನಡುವೆ ಶಾಂತಿ, ಅವರ ಆಶ್ರಿತರ ನಡುವೆ ಯುದ್ಧ. ಇದರಲ್ಲಿ ಮೂರನೆಯವರಾಗಿ ಸಿಕ್ಕಿಕೊಂಡವರು ಮೈಸೂರಿನ ಸರ್ವಾಧಿಕಾರಿ (ಪ್ರಧಾನ ಆಡಳಿತಗಾರ) ನಂಜರಾಜಯ್ಯನವರು. ತಿರುಚಿರಾಪಳ್ಳಿಯನ್ನು ಬಿಟ್ಟುಕೊಡುವೆನೆಂಬ ಮಾತು ನಂಬಿ ಅವರು ಮಹಮದಾಲಿಗೆ ನೆರವಾದರು. 1752ರಲ್ಲಿ ಚಂದಾ ಸಾಹೇಬ ಕೊಲೆಯಾದ ಮೇಲೆ ಮಹಮದಾಲಿ ಕೊಟ್ಟ ಮಾತಿಗೆ ತಪ್ಪಿದ. ಮೈಸೂರು ಆಗ ಪಕ್ಷ ಬದಲಿಸಿ ಫ್ರೆಂಚರತ್ತ ವಾಲಿತು. ವರ್ಷಗಟ್ಟಲೆ ಬೊಕ್ಕಸ ಬರಿದಾಯಿತೇ ಹೊರತು ಕೋಟೆ ಮಾತ್ರ ಕೈಗೆ ಬರಲಿಲ್ಲ. ಆ ಮುತ್ತಿಗೆಯಲ್ಲಿ ಯುದ್ಧ ಕಲಿತು ಮೇಲೆ ಬಂದ ಹೈದರಾಲಿಯ ಕಥೆ ಬೇರೆಯೇ ಅಂಕಣ ಬೇಡುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಬಗೆಯ ಯುದ್ಧದ ಎಲ್ಲ ಲಕ್ಷಣಗಳೂ ಒಟ್ಟಿಗೆ ಕಾಣಿಸಿದ್ದು ಸ್ಪೇನಿನಲ್ಲಿ. 1936ರ ಜುಲೈನಲ್ಲಿ ಸೇನಾನಿ ಫ್ರಾಂಕೋ ಸರ್ಕಾರದ ವಿರುದ್ಧ ಬಂಡೆದ್ದಾಗ ಅವನ ಅತ್ಯುತ್ತಮ ಪಡೆಗಳು ಸಮುದ್ರದಾಚೆ ಮೊರಾಕ್ಕೋದಲ್ಲಿದ್ದವು. ನೌಕಾಪಡೆಯ ಹೆಚ್ಚಿನ ಭಾಗ ಸರ್ಕಾರದ ಕಡೆಗಿತ್ತು. ಜರ್ಮನಿಯ ಯುಂಕರ್ಸ್-52 ವಿಮಾನಗಳು ಮತ್ತು ಇಟಲಿಯ ವಿಮಾನಗಳು ಆ ಸೈನಿಕರನ್ನು ಜಲಸಂಧಿ ದಾಟಿಸದೆ ಹೋಗಿದ್ದರೆ ಬಂಡಾಯ ಆರಂಭದಲ್ಲೇ ಮುಗ್ಗರಿಸುವ ಸಾಧ್ಯತೆಯಿತ್ತು. ಇತ್ತ ಸರ್ಕಾರದ ಪಕ್ಷಕ್ಕೆ ಸೋವಿಯತ್ ಒಕ್ಕೂಟ ಟ್ಯಾಂಕು, ವಿಮಾನಗಳನ್ನು ಕಳುಹಿಸಿತು. ಪುಕ್ಕಟೆಯಾಗಿ ಅಲ್ಲ. 1936ರ ಅಕ್ಟೋಬರಿನಲ್ಲಿ ಸ್ಪೇನಿನ ಬೊಕ್ಕಸದ ಸುಮಾರು 510 ಟನ್ ಚಿನ್ನ ಕಾರ್ತಹೇನಾ ಬಂದರಿನಿಂದ ಹಡಗು ಹತ್ತಿ ಹೊರಟು ಮಾಸ್ಕೋ ಸೇರಿತು. ಇಷ್ಟೆಲ್ಲ ನಡೆಯುತ್ತಿರುವಾಗಲೇ ಲಂಡನ್ನಿನಲ್ಲಿ 'ಮಧ್ಯಪ್ರವೇಶ ಮಾಡದಿರುವ ಸಮಿತಿ' ಸಭೆ ಸೇರುತ್ತಿತ್ತು. ಜರ್ಮನಿ, ಇಟಲಿ, ಸೋವಿಯತ್ ಒಕ್ಕೂಟ ಮೂರೂ ಅದರ ಸದಸ್ಯ ರಾಷ್ಟ್ರಗಳಾಗಿದ್ದವು! 1937ರ ಏಪ್ರಿಲ್ 26ರಂದು ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಗೆರ್ನಿಕಾ ಪಟ್ಟಣವನ್ನು ಸುಟ್ಟವು. ಬೆಂಕಿ ಹಚ್ಚಿದವರು ಹಿಮ್ಮೆಟ್ಟುತ್ತಿದ್ದ ಎದುರಾಳಿಗಳೇ ಎಂದು ಫ್ರಾಂಕೋ ಪಕ್ಷ ಸಾರಿತು. ಕೈಯಾರೆ ಮಾಡಿ ಕೈ ತೊಳೆದುಕೊಳ್ಳುವ ಈ ಪರಿಪಾಠ ಮುಂದಿನ ಪ್ರತಿ ಯುದ್ಧದಲ್ಲೂ ಮರುಕಳಿಸುತ್ತದೆ.

ಪ್ರಶ್ನೆ: ಕೊರಿಯಾ ಯುದ್ಧದಲ್ಲಿ ಸೋವಿಯತ್ ವಿಮಾನಚಾಲಕರು ವೇಷ ಮರೆಸಿಕೊಂಡು ಅಮೆರಿಕದ ವಿಮಾನಗಳೊಡನೆ ಕಾದಾಡಿದರು ಎಂದು ಎಲ್ಲೋ ಓದಿದೆ. ಇದು ನಿಜವೇ? ನಿಜವಾಗಿದ್ದರೆ ಅಮೆರಿಕಕ್ಕೆ ಗೊತ್ತಾಗಲಿಲ್ಲವೇ?

ಉತ್ತರ: ನಿಜ. ಅಮೆರಿಕಕ್ಕೂ ಗೊತ್ತಿತ್ತು. ನಮ್ಮ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ವಿಚಿತ್ರವಾದ ಪ್ರಕರಣ ಇದೇ.

ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು ಪರೀಕ್ಷಿಸಿದ್ದು 1949ರ ಆಗಸ್ಟ್ 29ರಂದು. ಹತ್ತು ತಿಂಗಳೊಳಗೆ, 1950ರ ಜೂನ್ 25ರಂದು, ಉತ್ತರ ಕೊರಿಯಾದ ಸೇನೆ 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ಅಮೆರಿಕ ವಿಶ್ವಸಂಸ್ಥೆಯ ಧ್ವಜದಡಿ ಬಂದಿಳಿಯಿತು. ಅಕ್ಟೋಬರಿನಲ್ಲಿ ಚೀನಾ ಕಣಕ್ಕಿಳಿಯಿತು. ಚೀನಾ-ಕೊರಿಯಾ ಗಡಿಯ ಯಾಲೂ ನದಿಯ ಸೇತುವೆಗಳನ್ನೂ ಚೀನೀ ಸೈನ್ಯದ ಸರಬರಾಜನ್ನೂ ಅಮೆರಿಕದ ಬಾಂಬರುಗಳಿಂದ ಕಾಯಬೇಕಿತ್ತು. ಆಗಿನ್ನೂ ಹೊಸದಾಗಿದ್ದ ಮಿಗ್-15 ಜೆಟ್ ವಿಮಾನವನ್ನು ಪಳಗಿದ ಕೈಯಲ್ಲಿ ಹಾರಿಸಬಲ್ಲವರು ಸೋವಿಯತ್ ಚಾಲಕರು ಮಾತ್ರ. ಆದ್ದರಿಂದ 1950ರ ನವೆಂಬರಿನಿಂದ ಅವರು ಚೀನಾದ ಆಂತುಂಗ್, ಅಂದರೆ ಇಂದಿನ ದಾಂದೋಂಗ್ ಸುತ್ತಲಿನ ನಿಲ್ದಾಣಗಳಿಂದ ಮೇಲೇರತೊಡಗಿದರು. ವಿಮಾನದ ಮೇಲೆ ಚೀನಾ ಅಥವಾ ಉತ್ತರ ಕೊರಿಯಾದ ಗುರುತು, ಮೈಮೇಲೆ ಚೀನೀ ಸಮವಸ್ತ್ರ. ಸಮುದ್ರದ ಮೇಲಾಗಲಿ, ಶತ್ರು ಪಡೆಗಳಿದ್ದ ನೆಲದ ಮೇಲಾಗಲಿ ಹಾರಬಾರದೆಂದು ಕಟ್ಟಪ್ಪಣೆಯಿತ್ತು. ಹಾರಿ ಕೆಳಗೆ ಬಿದ್ದ ಚಾಲಕ ಸೆರೆಸಿಕ್ಕರೆ ಗುಟ್ಟು ರಟ್ಟಾಗುತ್ತದೆ ಎಂಬುದೇ ಭಯ. ರೇಡಿಯೋದಲ್ಲಿ ರಷ್ಯನ್ ಆಡಕೂಡದು ಎಂಬ ಆದೇಶವೂ ಇತ್ತು. ಅಗತ್ಯವಾದ ಆಜ್ಞೆಗಳನ್ನು ಕೊರಿಯನ್ ಭಾಷೆಯಲ್ಲಿ ಬರೆದ ಚೀಟಿಗಳನ್ನು ಚಾಲಕರು ಜೊತೆಗಿಟ್ಟುಕೊಂಡು ಹಾರಿದರು. ಗಂಟೆಗೆ ಸಾವಿರ ಕಿಲೋಮೀಟರಿನ ಹತ್ತಿರದ ವೇಗದಲ್ಲಿ ಬೆನ್ನ ಹಿಂದೆ ಶತ್ರು ಬಿದ್ದಿರುವಾಗ ಚೀಟಿ ನೋಡಿ ಕೊರಿಯನ್ ಮಾತಾಡುವವರು ಯಾರು? ಕಾದಾಟ ಬಿಸಿಯೇರುತ್ತಲೇ ರಷ್ಯನ್ ಮಾತು, ರಷ್ಯನ್ ಬೈಗುಳ ಎಲ್ಲವೂ ಗಾಳಿಗೆ ಬಿದ್ದವು. ಕೆಲವೇ ವಾರಗಳಲ್ಲಿ ಆ ನಿಯಮವನ್ನು ಕಾರ್ಯತಃ ಕೈಬಿಡಬೇಕಾಯಿತು.

ಅಮೆರಿಕದ ಕೇಳುಗ ಕೇಂದ್ರಗಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವು. ಆದರೂ ವಾಷಿಂಗ್ಟನ್ ತುಟಿ ಬಿಚ್ಚಲಿಲ್ಲ. ರಷ್ಯನ್ನರು ನಮ್ಮ ಹುಡುಗರನ್ನು ಕೊಲ್ಲುತ್ತಿದ್ದಾರೆ ಎಂದು ಬಹಿರಂಗವಾಗಿ ಹೇಳಿದರೆ ಸೇಡಿಗಾಗಿ ಜನರ ಒತ್ತಾಯ ಹೆಚ್ಚಿ ಮೂರನೆಯ ಮಹಾಯುದ್ಧಕ್ಕೆ ದಾರಿಯಾದೀತೆಂಬ ಅಳುಕು ಅದಕ್ಕಿತ್ತು. ಹೀಗೆ ಒಬ್ಬರು ಸುಳ್ಳು ಹೇಳಿದರು, ಇನ್ನೊಬ್ಬರು ಸುಳ್ಳೆಂದು ತಿಳಿದೂ ನಂಬಿದವರಂತೆ ನಟಿಸಿದರು. ಪರೋಕ್ಷ ಯುದ್ಧದಲ್ಲಿ ಮುಚ್ಚುಮರೆ ಶತ್ರುವನ್ನು ಮೋಸಗೊಳಿಸಲೆಂದೇ ಇರಬೇಕಾಗಿಲ್ಲ. ಶತ್ರುವಿಗೂ ಅದು ಬೇಕಾಗಿರುತ್ತದೆ. ಯುದ್ಧದಲ್ಲಿ ಸತ್ತ ಸೋವಿಯತ್ ಚಾಲಕರನ್ನು ತಾಯ್ನಾಡಿಗೆ ಒಯ್ಯಲಿಲ್ಲ. ಅವರಲ್ಲಿ ಬಹುತೇಕರನ್ನು ಚೀನಾದ ಲ್ಯುಷುನ್ ಎಂಬಲ್ಲಿರುವ ಹಳೆಯ ರಷ್ಯನ್ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಬದುಕಿ ಮರಳಿದವರು ದಶಕಗಳ ಕಾಲ ಬಾಯಿ ಬಿಡುವಂತಿರಲಿಲ್ಲ.

ಪ್ರಶ್ನೆ: ಎರಡು ಕೋಣಗಳು ಕಾದಾಡಿದರೆ ನಡುವೆ ಸಿಕ್ಕ ಗಿಡಕ್ಕೆ ಸಾವು ಎಂಬ ಗಾದೆಯಿದೆ. ಸಣ್ಣ ದೇಶಗಳ ಪಾಡು ಇಷ್ಟೇ ಅಲ್ಲವೇ? ಅವು ದೊಡ್ಡವರ ಕೈಯ ಸೂತ್ರದ ಗೊಂಬೆಗಳಲ್ಲವೇ?

ಉತ್ತರ: ಸತ್ತವರ ಲೆಕ್ಕ ನೋಡಿದರೆ ಗಾದೆ ಅಕ್ಷರಶಃ ನಿಜ. ಆದರೆ ಗಿಡವು ಕೋಣಗಳನ್ನು ಕರೆಯುವುದಿಲ್ಲ. ಈ ಯುದ್ಧಗಳಲ್ಲಿ ಎಷ್ಟೋ ಸಲ ಸ್ಥಳೀಯ ನಾಯಕರೇ ಹೊರಗಿನವರನ್ನು ಕರೆತಂದರು, ಆಸೆ ತೋರಿಸಿದರು, ಬೆದರಿಸಿದರು, ಬೇಕಾದಾಗ ಅವರ ಮಾತು ಮೀರಿದರು. ಗೊಂಬೆಯೆಂಬ ಹೋಲಿಕೆಯನ್ನು ನಾವು ಒಪ್ಪುವುದಿಲ್ಲ. ಅದು ಸ್ಥಳೀಯ ನಾಯಕರ ಹೊಣೆಯನ್ನು ಅವರ ತಲೆಯಿಂದ ಇಳಿಸಿಬಿಡುತ್ತದೆ.

ಕೊರಿಯಾವನ್ನೇ ನೋಡಿ. ದಕ್ಷಿಣದ ಮೇಲೆ ದಾಳಿ ಮಾಡಲು ಅನುಮತಿ ಕೊಡಿ ಎಂದು ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸುಂಗ್ ಸ್ಟಾಲಿನ್ನನ ಬೆನ್ನು ಬಿದ್ದಿದ್ದ. 1949ರಲ್ಲಿ ಸ್ಟಾಲಿನ್ ಒಪ್ಪಲಿಲ್ಲ. 1950ರ ವಸಂತದಲ್ಲಿ ಒಪ್ಪಿದಾಗಲೂ ಮಾವೋನ ಸಮ್ಮತಿ ಪಡೆದು ಬಾ ಎಂದು ಬೀಜಿಂಗಿಗೆ ಅಟ್ಟಿದ. ಇನ್ನೊಂದು ಪಕ್ಷದ, ಅಂದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಇನ್ನೂ ಹಟಮಾರಿ. ಮೂರು ವರ್ಷ ಹೋರಾಡಿ ದಣಿದ ಅಮೆರಿಕ ಕದನವಿರಾಮಕ್ಕೆ ಸಹಿ ಹಾಕುವ ಹಂತಕ್ಕೆ ಬಂದಿತ್ತು. 1953ರ ಜೂನ್ 18ರಂದು ರೀ ಶಿಬಿರಗಳ ಬಾಗಿಲು ತೆರೆಸಿ ಸುಮಾರು 27,000 ಉತ್ತರ ಕೊರಿಯನ್ ಕೈದಿಗಳನ್ನು ಬಿಡುಗಡೆ ಮಾಡಿಸಿದ. ವರ್ಷಕ್ಕೂ ಹೆಚ್ಚು ಕಾಲ ಮಾತುಕತೆ ಎಡವಿದ್ದೇ ಕೈದಿಗಳ ಪ್ರಶ್ನೆಯಲ್ಲಿ. ಆ ಗಂಟನ್ನು ಬಿಚ್ಚುವ ಹೊತ್ತಿಗೆ ಅವನು ಮತ್ತೊಂದು ಗಂಟು ಹಾಕಿದ. ಅವನನ್ನು ಸಮಾಧಾನಪಡಿಸಲು ಅಮೆರಿಕ ರಕ್ಷಣಾ ಒಪ್ಪಂದದ ಭರವಸೆ ಕೊಡಬೇಕಾಯಿತು. ಜುಲೈ 27ರ ಕದನವಿರಾಮ ಪತ್ರಕ್ಕೆ ದಕ್ಷಿಣ ಕೊರಿಯಾ ಕೊನೆಗೂ ಸಹಿ ಹಾಕಲೇ ಇಲ್ಲ. ಊರಿಗೆ ಮರಳಲೊಪ್ಪದ ಕೈದಿಗಳ ವಿಚಾರಕ್ಕೆ ಜನರಲ್ ಕೆ.ಎಸ್. ತಿಮ್ಮಯ್ಯನವರ ಅಧ್ಯಕ್ಷತೆಯಲ್ಲಿ ತಟಸ್ಥ ರಾಷ್ಟ್ರಗಳ ಆಯೋಗ ನೇಮಕವಾಯಿತು. ಭಾರತೀಯ ಸೈನಿಕರು ತನ್ನ ನೆಲ ತುಳಿಯಕೂಡದೆಂದು ರೀ ಪಟ್ಟು ಹಿಡಿದದ್ದರಿಂದ ಅವರನ್ನು ಹೆಲಿಕಾಪ್ಟರುಗಳಲ್ಲಿ ಹೊತ್ತು ಗಡಿವಲಯಕ್ಕೆ ಇಳಿಸಬೇಕಾಯಿತು. ಗೊಂಬೆಗೆ ಇಷ್ಟು ಹಟವಿರುತ್ತದೆಯೇ?

ಆಫ್ರಿಕಾದ ಮೂಲೆಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. 1970ರ ದಶಕದ ಮೊದಲಲ್ಲಿ ಸೊಮಾಲಿಯಾ ಸೋವಿಯತ್ ಪಾಳೆಯದಲ್ಲಿತ್ತು. ಅದರ ಬರ್ಬೆರಾ ಬಂದರಿನಲ್ಲಿ ಸೋವಿಯತ್ ನೆಲೆಯಿತ್ತು. ಪಕ್ಕದ ಇಥಿಯೋಪಿಯಾ ಅಮೆರಿಕದ ಹಳೆಯ ಮಿತ್ರ. 1974ರಲ್ಲಿ ಇಥಿಯೋಪಿಯಾದ ಚಕ್ರವರ್ತಿಯನ್ನು ಸೈನ್ಯ ಇಳಿಸಿತು. ಹೊಸ ಆಡಳಿತ ಎಡಕ್ಕೆ ತಿರುಗಿ ಮಾಸ್ಕೋದತ್ತ ಕೈಚಾಚಿತು. 1977ರ ಜುಲೈನಲ್ಲಿ ಸೊಮಾಲಿಯಾದ ಅಧ್ಯಕ್ಷ ಸಿಯಾದ್ ಬಾರೆ ಓಗಾಡೆನ್ ಪ್ರದೇಶಕ್ಕಾಗಿ ಇಥಿಯೋಪಿಯಾದ ಮೇಲೆ ಏರಿ ಹೋದ. ಇಬ್ಬರೂ ತನ್ನವರೇ ಆಗಿರಲಿ ಎಂದು ಬಯಸಿದ್ದ ಮಾಸ್ಕೋ ಒಬ್ಬರನ್ನು ಆರಿಸಿಕೊಳ್ಳಬೇಕಾಗಿ ಬಂತು. ಅದು ದೊಡ್ಡ ದೇಶವಾದ ಇಥಿಯೋಪಿಯಾವನ್ನು ಆರಿಸಿತು. ನವೆಂಬರಿನಲ್ಲಿ ಬಾರೆ ಸೋವಿಯತ್ ಸಲಹೆಗಾರರನ್ನು ಹೊರಗಟ್ಟಿದ. ನಿನ್ನೆ ಸೊಮಾಲಿ ಸೈನ್ಯಕ್ಕೆ ಪಾಠ ಹೇಳುತ್ತಿದ್ದ ಅಧಿಕಾರಿಗಳಲ್ಲಿ ಕೆಲವರು ಇಂದು ಅದೇ ಸೈನ್ಯವನ್ನು ಸೋಲಿಸುವ ಯೋಜನೆ ಹಾಕುತ್ತ ಇಥಿಯೋಪಿಯಾದ ಪಾಳೆಯದಲ್ಲಿ ಕುಳಿತರು. ಸಾವಿರಾರು ಕ್ಯೂಬನ್ ಸೈನಿಕರು ಬಂದಿಳಿದರು. 1978ರ ಮಾರ್ಚಿನಲ್ಲಿ ಸೊಮಾಲಿ ಸೈನ್ಯ ಹಿಂದೆ ಸರಿಯಿತು. ಕೆಲವೇ ವರ್ಷಗಳಲ್ಲಿ ಬರ್ಬೆರಾದಲ್ಲಿ ಅಮೆರಿಕದವರಿಗೆ ಜಾಗ ಸಿಕ್ಕಿತು. ಪೋಷಕರು ಅದಲುಬದಲಾದರೂ ಗಡಿಯ ಜಗಳ ಅಲ್ಲೇ ಇತ್ತು. ಸಿದ್ಧಾಂತದ ಮಾತು ಎಷ್ಟು ತೆಳುವಾದ ಬಣ್ಣ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಅಂಗೋಲಾ. ಪೋರ್ಚುಗಲ್ಲಿನಲ್ಲಿ 1974ರ ಏಪ್ರಿಲಿನಲ್ಲಿ ಸರ್ವಾಧಿಕಾರ ಬಿದ್ದು ವಸಾಹತುಗಳ ಬಿಡುಗಡೆ ಖಚಿತವಾದಾಗ ಅಲ್ಲಿ ಮೂರು ವಿಮೋಚನಾ ಸಂಘಟನೆಗಳು ಪರಸ್ಪರ ಕತ್ತಿ ಮಸೆಯುತ್ತಿದ್ದವು. ಅವುಗಳಲ್ಲಿ ಎಂಪಿಎಲ್‌ಎಗೆ ಬೆಂಬಲವಾಗಿ ಸೋವಿಯತ್ ಒಕ್ಕೂಟ ಮತ್ತು ಕ್ಯೂಬಾ. ಎಫ್‌ಎನ್‌ಎಲ್‌ಎ ಮತ್ತು ಯುನಿಟಾಗಳಿಗೆ ಬೇರೆ ಬೇರೆ ಹಂತಗಳಲ್ಲಿ ಅಮೆರಿಕ, ಝೈರ್ (ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ), ಚೀನಾ, ವರ್ಣಭೇದದ ದಕ್ಷಿಣ ಆಫ್ರಿಕಾ. ಮಾವೋನ ಚೀನಾ ಮತ್ತು ಬಿಳಿಯರ ದಕ್ಷಿಣ ಆಫ್ರಿಕಾ ಒಂದೇ ಪಕ್ಷದಲ್ಲಿ! 1975ರ ನವೆಂಬರ್ 11ರ ಸ್ವಾತಂತ್ರ್ಯದ ಹೊತ್ತಿಗೆ ದಕ್ಷಿಣ ಆಫ್ರಿಕಾದ ಪಡೆ ರಾಜಧಾನಿ ಲುವಾಂಡಾದತ್ತ ಧಾವಿಸುತ್ತಿತ್ತು. ಕ್ಯೂಬಾದ ನಾಯಕ ಕ್ಯಾಸ್ಟ್ರೋ ಸೈನ್ಯ ಕಳುಹಿಸಿದ್ದು ಮಾಸ್ಕೋದ ಆಜ್ಞೆಯಂತೆ ಎಂದು ಬಹುಕಾಲ ನಂಬಲಾಗಿತ್ತು. ನಂತರ ತೆರೆದ ದಾಖಲೆಗಳನ್ನು ಶೋಧಿಸಿದ ಇತಿಹಾಸಕಾರರು ತೋರಿಸಿಕೊಟ್ಟಂತೆ ಆ ತೀರ್ಮಾನ ಕ್ಯೂಬಾದ ರಾಜಧಾನಿ ಹವಾನಾದ್ದೇ. ಮಾಸ್ಕೋ ತರುವಾಯ ಹಿಂದೆ ಬಂತು. ಅಂಗೋಲಾದ ಕಬಿಂಡಾ ಪ್ರಾಂತದಲ್ಲಿ ಅಮೆರಿಕದ ಗಲ್ಫ್ ಆಯಿಲ್ ಕಂಪನಿ ಎಣ್ಣೆ ತೆಗೆಯುತ್ತಿತ್ತು. ಅದು ಕಟ್ಟಿದ ತೆರಿಗೆ, ರಾಯಧನವೇ ಅಧಿಕಾರ ಹಿಡಿದ ಎಂಪಿಎಲ್‌ಎ ಸರ್ಕಾರದ ಮುಖ್ಯ ಆದಾಯ. ಆ ಎಣ್ಣೆಬಾವಿಗಳನ್ನು ಕಾಯುತ್ತಿದ್ದವರು ಕ್ಯೂಬನ್ ಸೈನಿಕರು. ಹಾಗಾಗಿ 1986ರಿಂದ ಅಮೆರಿಕ ಯುನಿಟಾಗೆ ಕ್ಷಿಪಣಿ ಕೊಡತೊಡಗಿದಾಗ, ಅಮೆರಿಕದ ಕಂಪನಿಯ ಹಣ ಒಂದು ಕಡೆ, ಅಮೆರಿಕದ ಸರ್ಕಾರದ ಹಣ ಇನ್ನೊಂದು ಕಡೆ ಕಾದಾಡುತ್ತಿದ್ದವು.

ಪ್ರಶ್ನೆ: ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಯೇ ಸೋವಿಯತ್ ಸೈನ್ಯವನ್ನು ಅಫ್ಘಾನಿಸ್ತಾನದಿಂದ ಓಡಿಸಿತು ಎನ್ನುತ್ತಾರೆ. ಒಂದು ಆಯುಧ ಯುದ್ಧವನ್ನೇ ಬದಲಿಸಿತೇ? ಅಷ್ಟೊಂದು ಆಯುಧ ಅಲ್ಲಿಗೆ ತಲುಪುತ್ತಿದ್ದದ್ದಾದರೂ ಹೇಗೆ?

ಉತ್ತರ: ಎರಡನೆಯ ಪ್ರಶ್ನೆಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಆ ಯುದ್ಧದ ಭವಿಷ್ಯ ಅಡಗಿದ್ದದ್ದು ಸಾಗಣೆಯ ದಾರಿಯಲ್ಲೇ. 1979ರ ಡಿಸೆಂಬರ್ ಕೊನೆಯ ವಾರ ಸೋವಿಯತ್ ಸೈನ್ಯ ಕಾಬೂಲಿಗೆ ಬಂತು. ಅದರ ವಿರುದ್ಧ ಹೋರಾಡುತ್ತಿದ್ದ ಅಫ್ಘನ್ ಬಂಡುಕೋರರಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹಣ ಒದಗಿಸಿತು. ಸೌದಿ ಅರೇಬಿಯಾ ಡಾಲರಿಗೆ ಡಾಲರ್ ಸೇರಿಸಿತು. ಆ ಹಣದಲ್ಲಿ ಚೀನಾ, ಈಜಿಪ್ಟ್ ಮೊದಲಾದ ಕಡೆ ಸೋವಿಯತ್ ಮಾದರಿಯ ಬಂದೂಕು, ರಾಕೆಟ್ಟುಗಳನ್ನು ಕೊಂಡರು. ಸತ್ತ ಹೋರಾಟಗಾರನ ಕೈಯಲ್ಲಿ ಕಲಾಶ್ನಿಕೋವ್ ಸಿಕ್ಕರೆ ಅದು ಶತ್ರುವಿನಿಂದ ಕಸಿದದ್ದು ಎನ್ನಬಹುದಲ್ಲ! ಸರಕು ಹಡಗಿನಲ್ಲಿ ಕರಾಚಿಗೆ ಬಂದು, ಅಲ್ಲಿಂದ ರಾವಲ್ಪಿಂಡಿ, ಪೇಶಾವರಗಳ ದಾಸ್ತಾನಿಗೆ ಹೋಗಿ, ಕೊನೆಗೆ ಹೇಸರಗತ್ತೆಗಳ ಬೆನ್ನೇರಿ ಗಡಿಯ ಕಣಿವೆಗಳನ್ನು ದಾಟುತ್ತಿತ್ತು. ಕರಾಚಿಯಲ್ಲಿ ಇಳಿದ ಮೇಲೆ ಅದರ ಯಜಮಾನಿಕೆ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐಯದು. ಯಾರಿಗೆ ಎಷ್ಟು ಎಂಬುದನ್ನು ನಿರ್ಧರಿಸುತ್ತಿದ್ದದ್ದು ಅದೇ, ಕೊಟ್ಟವರಲ್ಲ. ಪೇಶಾವರದಲ್ಲಿ ಮಾನ್ಯತೆ ಪಡೆದ ಏಳು ಬಂಡುಕೋರ ಪಕ್ಷಗಳಲ್ಲಿ ಗುಲ್ಬುದ್ದೀನ್ ಹಿಕ್ಮತ್ಯಾರ್ ಪಕ್ಷಕ್ಕೆ ಸಿಂಹಪಾಲು ಹೋದದ್ದು ಇಸ್ಲಾಮಾಬಾದಿನ ಇಷ್ಟದಂತೆ. 1980ರ ದಶಕದ ಕೊನೆಗೆ ಅಮೆರಿಕದ ಪಾಲು ಒಂದೇ ವರ್ಷದಲ್ಲಿ ಸುಮಾರು 63 ಕೋಟಿ ಡಾಲರಿಗೆ ಏರಿತ್ತು. ಹಣ ಹೆಚ್ಚಿದಂತೆ ಅಧಿಕಾರ ಹೆಚ್ಚಿದ್ದು ನಡುವೆ ನಿಂತು ಹಂಚುವವನದು.

ಸ್ಟಿಂಗರ್ ಈ ಮುಚ್ಚುಮರೆಯನ್ನು ಮುರಿದ ಆಯುಧ. ಅಮೆರಿಕದಲ್ಲಷ್ಟೇ ತಯಾರಾಗುತ್ತಿದ್ದ ಅದನ್ನು ಯಾರು ಕೊಟ್ಟರೆಂದು ಬಚ್ಚಿಡಲು ಸಾಧ್ಯವೇ ಇರಲಿಲ್ಲ. 1986ರ ಸೆಪ್ಟೆಂಬರ್ ಕೊನೆಯ ವಾರ ಜಲಾಲಾಬಾದ್ ವಿಮಾನನಿಲ್ದಾಣದ ಬಳಿ ಹೊಂಚುಹಾಕಿದ್ದ ಹೋರಾಟಗಾರರು ಇಳಿಯಲು ಬರುತ್ತಿದ್ದ ಹೆಲಿಕಾಪ್ಟರುಗಳ ಮೇಲೆ ಮೊದಲ ಸ್ಟಿಂಗರುಗಳನ್ನು ಹಾರಿಸಿ ಮೂರನ್ನು ಉರುಳಿಸಿದರು. ಎಂಜಿನ್ನಿನ ಬಿಸಿಯನ್ನು ಹಿಂಬಾಲಿಸುವ ಕ್ಷಿಪಣಿ ಅದು. ಅಂದಿನಿಂದ ಸೋವಿಯತ್ ಚಾಲಕರು ಒಂದೋ ಬಹಳ ಎತ್ತರದಲ್ಲಿ, ಇಲ್ಲವೇ ನೆಲಕ್ಕೆ ತಾಗಿದಂತೆ ಹಾರತೊಡಗಿದರು. ಬಿಸಿ ಪಟಾಕಿಗಳನ್ನು ಉದುರಿಸಿ ಕ್ಷಿಪಣಿಯ ದಾರಿ ತಪ್ಪಿಸುವುದನ್ನೂ ಕಲಿತರು. ಇದರ ಪರಿಣಾಮ ರಣರಂಗದಲ್ಲಿ ನಿಜವಾಗಿಯೂ ದೊಡ್ಡದು. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ, ಅಂದರೆ ಮೊದಲ ಸ್ಟಿಂಗರ್ ಹಾರುವುದಕ್ಕೆ ಏಳು ತಿಂಗಳು ಮುಂಚೆ, ಸೋವಿಯತ್ ನಾಯಕ ಗೊರ್ಬಚೇವ್ ಪಕ್ಷದ ಮಹಾಧಿವೇಶನದಲ್ಲಿ ಅಫ್ಘಾನಿಸ್ತಾನವನ್ನು ರಕ್ತ ಸುರಿಯುತ್ತಿರುವ ಗಾಯ ಎಂದು ಕರೆದಾಗಿತ್ತು. ಹೊರಬರುವ ಮನಸ್ಸು ಮಾಸ್ಕೋದಲ್ಲಿ ಮೊದಲೇ ಮೂಡಿತ್ತು. ಸ್ಟಿಂಗರ್ ಅದನ್ನು ಹುಟ್ಟಿಸಲಿಲ್ಲ, ಅವಸರಿಸಿರಬಹುದು. 1988ರ ಏಪ್ರಿಲಿನಲ್ಲಿ ಜಿನೀವಾ ಒಪ್ಪಂದವಾಯಿತು. 1989ರ ಫೆಬ್ರವರಿ 15ರಂದು ಸೋವಿಯತ್ ಪಡೆಯ ಮುಖ್ಯಸ್ಥ ಜನರಲ್ ಗ್ರೊಮೋವ್ ಗಡಿಯ ತೆರ್ಮೆಜ್ ಸೇತುವೆಯನ್ನು ಕಾಲ್ನಡಿಗೆಯಲ್ಲಿ ದಾಟಿದರು. ಸೋವಿಯತ್ ಸೈನ್ಯದ ಸುಮಾರು 15,000 ಮಂದಿ ಸತ್ತಿದ್ದರು. ಸತ್ತ ಅಫ್ಘನ್ನರ ಸಂಖ್ಯೆಯನ್ನು ಲಕ್ಷಗಳಲ್ಲಿ ಎಣಿಸಬೇಕು. ನಂತರದ ವರ್ಷಗಳಲ್ಲಿ ಉಳಿದ ಸ್ಟಿಂಗರುಗಳು ತನ್ನದೇ ವಿಮಾನಗಳತ್ತ ತಿರುಗಬಾರದೆಂದು ಸಿಐಎ ಅವುಗಳನ್ನು ಹಣ ಕೊಟ್ಟು ಮರಳಿ ಕೊಳ್ಳಲು ಹೊರಟಿತು.

ಪ್ರಶ್ನೆ: ಬೇರೆಯವರ ಕೈಯಿಂದ ಕೊಲ್ಲಿಸುವವರನ್ನು ಅಂತರರಾಷ್ಟ್ರೀಯ ಕಾನೂನು ಹಿಡಿಯಲಾರದೇ?

ಉತ್ತರ: ಹಿಡಿದದ್ದುಂಟು, ಅರ್ಧ ಮಾತ್ರ. ನಿಕರಾಗುವಾ ಸರ್ಕಾರವನ್ನು ಉರುಳಿಸಲು ಹೋರಾಡುತ್ತಿದ್ದ ಕಾಂಟ್ರಾ ಪಡೆಗಳಿಗೆ ಅಮೆರಿಕ ಹಣ, ಆಯುಧ, ತರಬೇತಿ ಕೊಟ್ಟಿತು. ಬಂದರುಗಳಲ್ಲಿ ಸಿಡಿಗುಂಡುಗಳನ್ನೂ ಇಡಿಸಿತು. ನಿಕರಾಗುವಾ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಕದ ತಟ್ಟಿತು. 1986ರ ಜೂನ್ 27ರ ತೀರ್ಪು ಅಮೆರಿಕದ ವಿರುದ್ಧ ಬಂತು: ಇನ್ನೊಂದು ದೇಶದ ಬಂಡುಕೋರರಿಗೆ ಹೀಗೆ ನೆರವಾಗುವುದು ಆ ದೇಶದ ವ್ಯವಹಾರದಲ್ಲಿ ಕೈಹಾಕಿದಂತೆ, ಆದ್ದರಿಂದ ಕಾನೂನಿಗೆ ವಿರುದ್ಧ. ಆದರೆ ಕಾಂಟ್ರಾಗಳು ಹಳ್ಳಿಗಳಲ್ಲಿ ನಡೆಸಿದ ಒಂದೊಂದು ಕೊಲೆಗೂ ಅಮೆರಿಕವೇ ಹೊಣೆ ಎನ್ನಬೇಕಾದರೆ ಆಯಾ ಕಾರ್ಯಾಚರಣೆಯ ಮೇಲೆ ಅದಕ್ಕೆ 'ಪರಿಣಾಮಕಾರಿ ಹಿಡಿತ' ಇದ್ದದ್ದು ಸಾಬೀತಾಗಬೇಕು ಎಂದೂ ನ್ಯಾಯಾಲಯ ಹೇಳಿತು, ಅದು ಸಾಬೀತಾಗಲಿಲ್ಲ. ಈ ಅಳತೆಗೋಲು ತೀರ ಬಿಗಿಯಾಯಿತೆಂಬ ಟೀಕೆಯಿದೆ. ಮಾಜಿ ಯುಗೋಸ್ಲಾವಿಯಾದ ಅಪರಾಧಗಳ ವಿಚಾರಣೆಗಾಗಿ ರಚಿತವಾದ ನ್ಯಾಯಮಂಡಳಿ 1999ರ ತಾದಿಚ್ ಪ್ರಕರಣದಲ್ಲಿ 'ಒಟ್ಟಾರೆ ಹಿಡಿತ' ಇದ್ದರೆ ಸಾಕು ಎಂಬ ಸಡಿಲ ಅಳತೆಯನ್ನು ಮುಂದಿಟ್ಟಿತು.

ತೀರ್ಪು ಜಾರಿಯಾಗಲಿಲ್ಲ. ಭದ್ರತಾ ಮಂಡಳಿಯಲ್ಲಿ ಆ ಕುರಿತ ಗೊತ್ತುವಳಿ ಬಂದಾಗ ಅಮೆರಿಕ ವೀಟೋ ಚಲಾಯಿಸಿತು. 1990ರ ಚುನಾವಣೆಯ ನಂತರ ಬಂದ ಹೊಸ ನಿಕರಾಗುವಾ ಸರ್ಕಾರ ಮರುವರ್ಷ ಪರಿಹಾರದ ಮೊಕದ್ದಮೆಯನ್ನೇ ಹಿಂತೆಗೆದುಕೊಂಡಿತು. ಕಾನೂನಿನ ಪುಸ್ತಕಗಳಲ್ಲಿ ಆ ತೀರ್ಪು ಇಂದಿಗೂ ದಿನನಿತ್ಯ ಉಲ್ಲೇಖಗೊಳ್ಳುತ್ತದೆ ಎಂಬುದೊಂದು ಸಮಾಧಾನ.

ಪ್ರಶ್ನೆ: ಉಕ್ರೇನ್ ಯುದ್ಧ ಪರೋಕ್ಷ ಯುದ್ಧವೇ?

ಉತ್ತರ: ಮೊದಲ ಉತ್ತರದ ಅಳತೆಯನ್ನೇ ಇಲ್ಲಿಗೂ ತನ್ನಿ. 2014ರಲ್ಲಿ ಪೂರ್ವ ಉಕ್ರೇನಿನ ದೊನ್ಬಾಸ್ ಪ್ರದೇಶದಲ್ಲಿ ಪ್ರತ್ಯೇಕತಾವಾದಿಗಳಿಗೆ ಆಯುಧ, ಜನ ಎರಡನ್ನೂ ಒದಗಿಸಿ ತನಗೇನೂ ಸಂಬಂಧವಿಲ್ಲವೆಂದು ರಷ್ಯಾ ಹೇಳುತ್ತಿದ್ದಾಗ ಆ ಹೆಸರು ಒಪ್ಪುತ್ತಿತ್ತು. 2022ರ ಫೆಬ್ರವರಿ 24ರಂದು ಅದು ತನ್ನ ಸೈನ್ಯವನ್ನೇ ಗಡಿ ದಾಟಿಸಿದ ಮೇಲೆ ರಷ್ಯಾದ ಪಾಲಿಗೆ ಅದು ನೇರ ದಾಳಿ. ಪಶ್ಚಿಮದ ದೇಶಗಳು ರಷ್ಯಾ ಬಲಹೀನವಾಗಲೆಂದು ಬಯಸಿ ನೆರವಾಗುತ್ತಿವೆ ಎಂಬುದು ಸುಳ್ಳಲ್ಲ. ಆ ಮಟ್ಟಿಗೆ ಅವುಗಳ ಕಡೆಯಿಂದ ಪರೋಕ್ಷದ ಅಂಶವಿದೆ. ಆದರೆ ತನ್ನ ನೆಲದ ಮೇಲೆ ನುಗ್ಗಿದವರನ್ನು ತಡೆಯುತ್ತಿರುವ ದೇಶವನ್ನು ಬೇರೆಯವರ ಬದಲಿಗೆ ಹೋರಾಡುವ ಬಾಡಿಗೆ ಬಂಟನೆಂದು ಕರೆಯುವುದು ನಮಗೆ ಸರಿಕಾಣದು. ನೆರವು ನಿಂತರೂ ಅವರು ಹೋರಾಡುತ್ತಿದ್ದರೇ ಎಂದು ಕೇಳಿಕೊಳ್ಳಿ. ಕೀವ್ ನಗರದ ಹೊರವಲಯದಲ್ಲಿ ರಷ್ಯಾದ ಪಡೆಗಳನ್ನು ತಡೆದ ಮೊದಲ ವಾರಗಳಲ್ಲಿ ಪಶ್ಚಿಮದ ಭಾರೀ ಆಯುಧಗಳು ಇನ್ನೂ ಬಂದಿರಲಿಲ್ಲ.

ಪ್ರಶ್ನೆ: ಹಿಂದೆ ನಿಂತ ದೊಡ್ಡ ದೇಶಗಳು ರಾಜಿಯಾದ ಮೇಲೂ ಕೆಲವು ಕಡೆ ಯುದ್ಧ ಮುಂದುವರಿಯುತ್ತದೆ, ಕೆಲವು ಕಡೆ ನಿಲ್ಲುತ್ತದೆ. ಏಕೆ?

ಉತ್ತರ: ಇದಕ್ಕೆ ಅಂಗೋಲಾ ಮತ್ತು ಮೊಜಾಂಬಿಕ್ ಎಂಬ ಎರಡು ದೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಪೋರ್ಚುಗಲ್ಲಿನ ವಸಾಹತುಗಳು, ಎರಡೂ 1975ರಲ್ಲಿ ಸ್ವತಂತ್ರವಾದವು, ಎರಡರಲ್ಲೂ ಎಡಪಂಥದ ಸರ್ಕಾರದ ವಿರುದ್ಧ ಹೊರಗಿನವರು ಪೋಷಿಸಿದ ಬಂಡುಕೋರರಿದ್ದರು. ಮೊಜಾಂಬಿಕ್ಕಿನ ಬಂಡುಕೋರ ಪಡೆ ರೆನಾಮೋವನ್ನಂತೂ ಕಟ್ಟಿದ್ದೇ ರೊಡೇಶಿಯಾದ (ಇಂದಿನ ಜಿಂಬಾಬ್ವೆ) ಗುಪ್ತಚರ ಸಂಸ್ಥೆ. ಆ ದೇಶದ ಬಿಳಿಯರ ಆಡಳಿತ ಕೊನೆಗೊಂಡ ಮೇಲೆ ದಕ್ಷಿಣ ಆಫ್ರಿಕಾ ಅದನ್ನು ದತ್ತು ಪಡೆಯಿತು.

ಅಂಗೋಲಾದ ವಿಷಯದಲ್ಲಿ 1988ರ ಡಿಸೆಂಬರ್ 22ರಂದು ನ್ಯೂಯಾರ್ಕಿನಲ್ಲಿ ಅಂಗೋಲಾ, ಕ್ಯೂಬಾ, ದಕ್ಷಿಣ ಆಫ್ರಿಕಾಗಳು ಒಪ್ಪಂದಕ್ಕೆ ಬಂದವು. 1991ರಲ್ಲಿ ಕ್ಯೂಬನ್ನರು ಹೊರಟರು, ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರ ಸೆಪ್ಟೆಂಬರಿನ ಚುನಾವಣೆಯ ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದ ಯುನಿಟಾ ನಾಯಕ ಜೊನಾಸ್ ಸವಿಂಬಿ ಫಲಿತಾಂಶ ಒಪ್ಪದೆ ಮತ್ತೆ ಕಾಡು ಸೇರಿದ. ಪೋಷಕರಿಲ್ಲದೆ ಅವನು ಹೇಗೆ ನಡೆಸಿದ ಎಂದರೆ, ವಜ್ರದ ಗಣಿಗಳು ಅವನ ಹಿಡಿತದಲ್ಲಿದ್ದವು. ಎದುರಿಗೆ ಸರ್ಕಾರದ ಬಳಿ ಎಣ್ಣೆಯಿತ್ತು. ಇಬ್ಬರಿಗೂ ತಮ್ಮ ತಮ್ಮ ಬೊಕ್ಕಸ, ಇಬ್ಬರಿಗೂ ಮಾರುಕಟ್ಟೆಯಲ್ಲಿ ಆಯುಧ. ಚುನಾವಣೆಯ ಉಸ್ತುವಾರಿಗೆ ವಿಶ್ವಸಂಸ್ಥೆ ಕಳುಹಿಸಿದ್ದ ವೀಕ್ಷಕರು ಕೆಲವೇ ನೂರು ಮಂದಿ. ಡಿಸಿ-3 ವಿಮಾನಕ್ಕಷ್ಟೇ ಸಾಲುವ ಇಂಧನ ಕೊಟ್ಟು 747 ಜಂಬೋ ಹಾರಿಸು ಎಂದರು ಎಂಬರ್ಥದಲ್ಲಿ ಆ ತಂಡದ ಮುಖ್ಯಸ್ಥೆ ಮಾರ್ಗರೆಟ್ ಆನ್ಸ್ಟೀ ದೂರಿದ್ದರು. ಯುದ್ಧ ನಿಂತದ್ದು 2002ರ ಫೆಬ್ರವರಿ 22ರಂದು ಸವಿಂಬಿ ಗುಂಡಿಗೆ ಬಿದ್ದ ಬಳಿಕವೇ.

ರೆನಾಮೋ ಬಳಿ ವಜ್ರವಿರಲಿಲ್ಲ. ವರ್ಣಭೇದದ ಆಡಳಿತ ಕುಸಿಯುತ್ತಿದ್ದಂತೆ ಹೊರಗಿನ ನೆರವು ಬತ್ತಿತು. ಬರಗಾಲ ಎರಡೂ ಪಕ್ಷಗಳನ್ನು ಹಣ್ಣು ಮಾಡಿತ್ತು. 1992ರ ಅಕ್ಟೋಬರ್ 4ರಂದು ರೋಮಿನಲ್ಲಿ ಒಪ್ಪಂದವಾಯಿತು. ಕೆಲವೇ ವಾರಗಳಲ್ಲಿ ಅಂಗೋಲಾದ ಪಾಠ ಎಲ್ಲರ ಕಣ್ಣೆದುರಿಗೆ ಬಂತು. ಹೀಗಾಗಿ ಮೊಜಾಂಬಿಕ್ಕಿಗೆ ವಿಶ್ವಸಂಸ್ಥೆ ಸಾವಿರಾರು ಸೈನಿಕರನ್ನು ಕಳುಹಿಸಿತು, ಹೋರಾಟಗಾರರಿಂದ ಆಯುಧ ಕೆಳಗಿಡಿಸಲು ಸಮಯ ತೆಗೆದುಕೊಂಡಿತು, ಚುನಾವಣೆಯನ್ನು 1994ರ ಅಕ್ಟೋಬರಿಗೆ ಮುಂದೂಡಿತು. ಸೋತ ರೆನಾಮೋ ಸಂಸತ್ತಿನಲ್ಲಿ ವಿರೋಧ ಪಕ್ಷವಾಗಿ ಕುಳಿತಿತು. ಎರಡು ದಶಕಗಳ ನಂತರ ಅಲ್ಲಿಯೂ ಚಕಮಕಿಗಳು ಮರುಕಳಿಸಿದ್ದುಂಟು, ಆದರೆ ಹಳೆಯ ಯುದ್ಧ ಮರಳಲಿಲ್ಲ. ಆ ಯುದ್ಧದಲ್ಲಿ ಹೂತಿಟ್ಟಿದ್ದ ನೆಲಬಾಂಬುಗಳನ್ನು ಒಂದೊಂದಾಗಿ ಹುಡುಕಿ ತೆಗೆದು, ತನ್ನ ನೆಲದಲ್ಲಿ ಗೊತ್ತಿರುವ ನೆಲಬಾಂಬು ಇನ್ನಾವುದೂ ಉಳಿದಿಲ್ಲವೆಂದು ಮೊಜಾಂಬಿಕ್ ಸಾರಿದ್ದು 2015ರ ಸೆಪ್ಟೆಂಬರಿನಲ್ಲಿ. ಅಂಗೋಲಾದಲ್ಲಿ ಆ ಕೆಲಸ ಆಗಲೂ ಮುಗಿದಿರಲಿಲ್ಲ.